ವಿಸ್ಕಾನ್ಸಿನ್ ಕೊಟ್ಟಿಗೆ, ಹೆಸರಘಟ್ಟದ ಡೈರಿ

ನಾನೀಗ ಇರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಹಾಲು ಚೀಸ್‌ಗೆ ಹೆಸರಾದ ರಾಜ್ಯ. ಆದ್ರೆ ಹಸು ಸಾಕೋ ಮನೆಗಳು ಕಮ್ಮಿ ಆಗ್ತಾನೇ ಇವೆ, 2004ರಲ್ಲಿ 15,000ಕ್ಕೂ ಜಾಸ್ತಿ ಡೈರಿ ಫಾರ್ಮ್ ಇದ್ವು, 2024ಕ್ಕೆ 6,000ದ ಒಳಗೆ ಬಂದುಬಿಟ್ಟಿದೆ.

ಉಳ್ಕೊಂಡಿರೋ ಸಣ್ಣ ಫಾರ್ಮ್‌ಗಳನ್ನ ಹಿಡಿದು ನಿಲ್ಸಿರೋದು ಹೆಂಗಸ್ರು ಅಂತ ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು. ನಮ್ ಪಕ್ಕದ ಫಾರ್ಮಿನ ಯಜಮಾನಿ ಕರುಗಳನ್ನೆಲ್ಲ ತಾನೇ ನೋಡ್ಕೋತಾಳೆ. ಹುಟ್ಟಿದ ಕರುಗೆ ರೋಗ ತಡೆಯೋ ಶಕ್ತಿ ಬರೋದೇ ಗಿಣ್ಣು ಹಾಲಿಂದ, ಅದೂ ಮೊದಲ ಕೆಲವು ಗಂಟೆ ಒಳಗೆ ಕುಡಿಸ್ಬೇಕು, ತಡ ಆದಷ್ಟೂ ಕರುಳು ಹೀರ್ಕೊಳೋದು ಕಮ್ಮಿ ಆಗುತ್ತೆ, ಹಾಗಾಗಿ ಹಿಮ ಬೀಳ್ತಿದ್ರೂ ಅರ್ಧರಾತ್ರಿ ಬಾಟ್ಲಿ ಹಿಡ್ಕೊಂಡು ಕೊಟ್ಟಿಗೇಲಿ ನಿಂತಿರ್ತಾಳೆ, ಬೆಳಗಾದ್ರೆ ಪೇಟೆ ಕಡೆ ಆಫೀಸಿಗೆ ಡ್ಯೂಟಿ. ಯಾಕಂದ್ರೆ ಇಲ್ಲಿ ರೈತರು ಹೆಲ್ತ್ ಇನ್ಶೂರೆನ್ಸ್‌ನ ಕೈಯಿಂದ ಕಟ್ಕೋಬೇಕು, ವಿಪರೀತ ದುಬಾರಿ, ಅವಳ ಕೆಲಸದಿಂದ ಇಡೀ ಮನೆಗೆ ಸಿಗುತ್ತೆ. ಹಾಲಿನ ರೇಟ್ ಬಿದ್ದಾಗ ಹಸು ಮಾರದೇ ಉಳ್ಸಿದ್ದು ಆ ಸಂಬಳಾನೇ.

ಇಷ್ಟಿದ್ರೂ ಅಮೆರಿಕದ ಕೃಷಿ ಗಣತೀಲಿ ಇಂಥೋರು ಸರಿಯಾಗಿ ಲೆಕ್ಕಕ್ಕೆ ಬರ್ತಿರ್ಲಿಲ್ಲ. 2017ರಲ್ಲಿ ಗಣತಿಯ ಪ್ರಶ್ನೆಪಟ್ಟಿ ಬದಲಾಯ್ಸಿ, ಫಾರ್ಮಿನ ತೀರ್ಮಾನ ತಗೊಳೋರು ಯಾರ್ಯಾರು ಅಂತ ಹೆಚ್ಚು ಜನರ ವಿವರ ಕೇಳಿದ್ರು ನೋಡಿ, ಹೆಂಗಸರ ಸಂಖ್ಯೆ 2012ಕ್ಕಿಂತ ಶೇ. 27 ಏರಿತು, ಒಟ್ಟು ರೈತರಲ್ಲಿ ಶೇ. 36 ಆಯ್ತು. ಎಷ್ಟೋ ಜನ ಮೊದ್ಲಿಂದ್ಲೂ ಇದ್ದೋರೇ.

ಬೆಂಗಳೂರಲ್ಲಿ ನಿಮ್ಮನೆಗೆ ಬರೋ ನಂದಿನಿ ಪ್ಯಾಕೆಟ್ ಕಥೇನೂ ಬೇರೆ ಅಲ್ಲ. ಹೆಸರಘಟ್ಟದ ಆಚೆ ನಮ್ ಚಿಕ್ಕಮ್ಮನ ಮನೇಲಿ ಎರಡು ಸೀಮೆ ಹಸು, ಹುಲ್ಲು ಕುಯ್ಯೋದು, ಸಗಣಿ ಬಾಚೋದು, ಹಾಲು ಕರ್ದು ಡೈರಿಗೆ ಹಾಕೋದು ಎಲ್ಲಾ ಅವರೇ, ಫ್ಯಾಟ್ ಕಮ್ಮಿ ಬಂದ್ರೆ ಮೇವು, ಹಿಂಡಿ ಬದಲಾಯ್ಸೋದೂ ಅವರೇ, ಆದ್ರೆ ಸೊಸೈಟಿ ಮೆಂಬರ್ ಮಾತ್ರ ಚಿಕ್ಕಪ್ಪ. "ನಿಮ್ ಹೆಸ್ರಿಗೆ ಮಾಡ್ಸಿ ಚಿಕ್ಕಮ್ಮ" ಅಂದ್ರೆ "ಯಾರ ಹೆಸ್ರಲ್ಲಿದ್ರೆ ಏನ್ ಮಗಾ, ಹಸು ಚೆನ್ನಾಗಿದ್ರೆ ಸಾಕು" ಅಂತಾರೆ. ನಂಗೆ ಇದು ಒಪ್ಪಿಗೆ ಇಲ್ಲ. ಬಟವಾಡೆ ದುಡ್ಡು, ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡೋ ಪ್ರೋತ್ಸಾಹಧನ ಎಲ್ಲಾ ಮೆಂಬರ್ ಅಕೌಂಟಿಗೇ ಹೋಗೋದು, ಸೊಸೈಟಿ ಎಲೆಕ್ಷನ್ನಲ್ಲಿ ವೋಟು ಹಾಕೋದು, ನಿಲ್ಲೋದು ಮೆಂಬರ್ರೇ. ಪೂರ್ತಿ ಹೆಂಗಸ್ರೇ ನಡ್ಸೋ ಮಹಿಳಾ ಹಾಲು ಸಂಘಗಳು ನಮ್ಮಲ್ಲೇ ಇವೆಯಲ್ವಾ, ಆಗದೇ ಇರೋ ಕೆಲಸ ಏನಲ್ಲ. ಚಿಕ್ಕಪ್ಪನ ಹತ್ರಾನೂ ಮಾತಾಡಿದೀನಿ, ಈ ಸಲ ಊರಿಗೆ ಬಂದಾಗ ಚಿಕ್ಕಮ್ಮನ ಜೊತೆ ನಾನೇ ಸೊಸೈಟಿಗೆ ಹೋಗಿ ಅರ್ಜಿ ಹಾಕಿಸ್ತೀನಿ.