ಮೊದಲು ಹೊಡೆದವರು ಯಾರು?

ಊರಿಂದ ತಂದ ಕುಂದಾ ಒಂದು ಡಬ್ಬಿ ಪಕ್ಕದ ಮನೆ ಅಜ್ಜನಿಗೆ ಕೊಟ್ಟಿದ್ದೆ. ಭಾನುವಾರ ಖಾಲಿ ಡಬ್ಬಿ ಹಿಡಿದು ಬಂದವರು ಸಂವಿಧಾನದ ಮಾತು ಶುರು ಮಾಡಿದರು. ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್. ಕಾರಿನ ನಂಬರ್ ಪ್ಲೇಟಿನಲ್ಲೇ 'ಸ್ವತಂತ್ರವಾಗಿ ಬದುಕು, ಇಲ್ಲವೇ ಸಾಯಿ' ಅಂತ ಬರೆದಿರುವ ರಾಜ್ಯ. ದೊಡ್ಡವರು ಸೀಟ್ ಬೆಲ್ಟ್ ಹಾಕಲೇಬೇಕು ಅನ್ನುವ ಕಾನೂನೂ ಇಲ್ಲ. ಅಜ್ಜ ಈ ನೆಲಕ್ಕೆ ತಕ್ಕವರು.

ಅಮೆರಿಕದ ಸಂವಿಧಾನವನ್ನು ಹೊಸದಾಗಿ ಬರೆಯಬೇಕಂತೆ. ಎರಡೇ ಮಾತು ಸಾಕಂತೆ. ಒಂದು, ಕೇಂದ್ರಕ್ಕೆ ಬಿಡಿಸಿ ಕೊಡದ ಅಧಿಕಾರವೆಲ್ಲ ರಾಜ್ಯದ್ದು, ಜನರದ್ದು. 1791ರ ಹತ್ತನೇ ತಿದ್ದುಪಡಿಯಲ್ಲಿ ಇದು ಇದ್ದೇ ಇದೆ, ಪಾಲಿಸುವವರಿಲ್ಲ ಅನ್ನುವುದು ಅವರ ಗೋಳು. ಇನ್ನೊಂದು, ಯಾರೂ ಮೊದಲು ಕೈ ಎತ್ತಬಾರದು, ಸರಕಾರವೂ. ಏಟು ತಿಂದವನು ತಿರುಗಿ ಹೊಡೆಯಬಹುದು.

"ನಿಮ್ಮಲ್ಲಿ ಹೇಗೆ?" ಅಂದರು. ನಮ್ಮ ಮೂರನೇ ವಿಧಿ ಹೇಳಿದೆ. ರಾಜ್ಯದ ಗಡಿಯನ್ನು ಸಂಸತ್ತೇ ಬದಲಿಸಬಹುದು. ಆ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಅಜ್ಜನ ಹುಬ್ಬು ಮೇಲೇರಿತು. ಇಲ್ಲಿ ರಾಜ್ಯದ ಶಾಸನಸಭೆ ಒಪ್ಪದೆ ಅದನ್ನು ಒಡೆಯುವ ಹಾಗಿಲ್ಲ. ನನಗೂ ಸ್ವಲ್ಪ ಕಸಿವಿಸಿ. ಆದರೆ ಆ ದಾರಿ ಇರದಿದ್ದರೆ 1956ರಲ್ಲಿ ನಮ್ಮೂರು ಬೆಳಗಾವಿ ಮುಂಬಯಿ ರಾಜ್ಯ ಬಿಟ್ಟು ನಮ್ಮ ಕಡೆ ಬರುತ್ತಿತ್ತಾ?

ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮ, ಅಜ್ಜಿ ಹೇಳ್ತಾರಲ್ಲ, ಬಸ್ಸಿಗೆ ಕಲ್ಲು ಹೊಡೆದರು ಅಂತ. ಅಲ್ಲಿ ಮೊದಲು ಹೊಡೆದವರು ಯಾರು?"

ನಾನು ಸುಮ್ಮನಾದೆ. ಬೆಳಗಾವಿ ಯಾರದ್ದು ಅನ್ನುವ ಕರ್ನಾಟಕ, ಮಹಾರಾಷ್ಟ್ರದ ಗಡಿ ಜಗಳ ಅದು. ನಮ್ಮ ಓಣಿಯಲ್ಲಿ ಕೇಳಿದರೆ ಅವರು. ಕೊಲ್ಲಾಪುರದ ಅತ್ತೆಯ ಮನೆಯಲ್ಲಿ ಕೇಳಿದರೆ ನಾವು. ಬಸ್ಸಿಗೆ ಮಸಿ ಬಳಿದದ್ದಕ್ಕೆ ಕಲ್ಲು, ಕಲ್ಲಿಗೆ ಮತ್ತೆ ಮಸಿ. ಹಿಂದೆ ಹಿಂದೆ ಹೋದರೆ 1956ಕ್ಕೇ ಮುಟ್ಟುತ್ತದೆ. ಎಲ್ಲರೂ ತಿರುಗಿ ಹೊಡೆದವರೇ! ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮೂರಲ್ಲೇ, 1924ರಲ್ಲಿ. ಅವರು ತಿರುಗಿ ಹೊಡೆಯುವುದಕ್ಕೂ ಬಿಡುತ್ತಿರಲಿಲ್ಲ, ಅಲ್ವಾ?

ನಾನು ಆರನೇ ಇಯತ್ತೆಯಲ್ಲಿದ್ದಾಗ ಅತ್ತೆಯ ಮಗಳ ಮದುವೆಗೆ ಹೊರಟಿದ್ದೆವು. ನಿಪ್ಪಾಣಿ ದಾಟಿದ ಮೇಲೆ ಬಸ್ಸು ನಿಂತಿತು. ಗಲಾಟೆ, ಮುಂದೆ ಹೋಗಲ್ಲ ಅಂದರು. ಅವ್ವ ಟ್ರಂಕು ತಲೆ ಮೇಲಿಟ್ಟುಕೊಂಡಳು, ನಾನು ಹಣ್ಣಿನ ಚೀಲ ಹಿಡಿದೆ. ಬಿಸಿಲಲ್ಲಿ ಗಡಿ ದಾಟಿ ನಡೆದೆವು. ಆ ಕಡೆ ನಿಂತಿದ್ದ ಬಸ್ಸಿನ ಕಂಡಕ್ಟರ್ ಅವ್ವನ ಟ್ರಂಕು ಇಳಿಸಿಕೊಂಡು, "ಎಲ್ಲಿಗ ಹೊಂಟೀರಿ ಅಕ್ಕಾ?" ಅಂದ. ಕನ್ನಡದಲ್ಲೇ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಮೊಮ್ಮಗಳ ಪ್ರಶ್ನೆ ಹೇಳಿದೆ. "ಯಾರರೆ ಹೊಡೀಲಿ, ಗಾಜ ನಮ್ಮ ರೊಕ್ಕದ್ದು," ಅಂದಳು. ಆಮೇಲೆ, "ಅದಿರ್ಲಿ, ಆ ಅಜ್ಜಗ ಕುಂದಾ ಸೇರ್ತೇನ?"