ಕಪ್ಪತಗುಡ್ಡದ ಒಣಹುಲ್ಲು

ಮುಂಡರಗಿ ದಾರಿಯಲ್ಲಿ ಬರುವಾಗ ಕಪ್ಪತಗುಡ್ಡದ ಇಳಿಜಾರೊಂದು ಸುಟ್ಟು ಕರಿದಾಗಿರುವುದು ಕಂಡು ಹೊಟ್ಟೆ ಉರಿಯಿತು. ಔಷಧಿ ಸಸ್ಯಗಳಿಗೆ ಹೆಸರಾದ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಗುಡ್ಡವಿದು. ಮಾರ್ಚ್ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುತ್ತದೆ, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಬಿದ್ದ ಕಿಡಿ ಏರಿನ ಕಡೆಗೇ ಓಡುತ್ತದೆ, ಏಕೆಂದರೆ ಮೇಲಿನ ಹುಲ್ಲನ್ನು ಕೆಳಗಿನ ಜ್ವಾಲೆ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಗಾಳಿಯಂತ್ರಗಳನ್ನು ನೆಟ್ಟಿರುವಷ್ಟು ಗಾಳಿಯ ಜಾಗ ಬೇರೆ!

ಉಪಗ್ರಹ ಬೆಂಕಿಯನ್ನು ಗುರುತಿಸಿದರೆ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ, ನಿಜ. ಆದರೆ ಆ ಕಾವಿನಲ್ಲಿ ಗುಡ್ಡ ಹತ್ತಿ, ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವವರು ಮನುಷ್ಯರೇ. ಹೊಸ ಹುಲ್ಲು ಚೆನ್ನಾಗಿ ಚಿಗುರಲಿ ಎಂದು ಕಡ್ಡಿ ಗೀರುವ ಅಣ್ಣಂದಿರೇ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ ಅಲ್ಲಿವೆ, ದಯವಿಟ್ಟು ಬೇಡ. ಹೊಗೆ ಕಂಡವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.