ಶಿಫ್ಟ್ ಆಪರೇಟರ್ ಹಿಡಿದು ಕೆ-ಥಿಯರಿಗೆ ಇಳಿಯಿರಿ

ಶಂಕರಘಟ್ಟದಲ್ಲೋ ಶಿವಮೊಗ್ಗ ಪೇಟೆಯಲ್ಲೋ ಎಂ.ಎಸ್ಸಿ. ಗಣಿತ ಮುಗಿಸಿ, ಫಂಕ್ಷನಲ್ ಅನಾಲಿಸಿಸ್ ಗಟ್ಟಿ ಮಾಡಿಕೊಂಡವರೂ ಆಪರೇಟರ್ ಆಲ್ಜೀಬ್ರಾಗಳ ಕೆ-ಥಿಯರಿಗೆ (ಅವುಗಳ ಪ್ರೊಜೆಕ್ಷನ್, ಯೂನಿಟರಿಗಳನ್ನು ಗ್ರೂಪುಗಳಲ್ಲಿ ಎಣಿಸುವ ವಿದ್ಯೆಗೆ) ಕೈಹಾಕಿ ಅರ್ಧಕ್ಕೇ ಬಿಡುವುದುಂಟು. ಎಡವುವ ಜಾಗ ಬಹುಮಟ್ಟಿಗೆ ಒಂದೇ. ಎರಡು ಪ್ರೊಜೆಕ್ಷನ್‌ಗಳು ಸಮ ಎಂದು ಬರೆಯುವಾಗ, ಆ ಸಮತೆಯನ್ನು ತೋರಿಸುವ ಆಪರೇಟರ್ ಯಾವ ಆಲ್ಜೀಬ್ರಾದೊಳಗಿನದು ಎಂದು ಕೇಳಿಕೊಳ್ಳುವುದಿಲ್ಲ.

ವ್ಯಾಖ್ಯೆ ಚಿಕ್ಕದು. ಯೂನಿಟ್ (ಅಂದರೆ 1) ಇರುವ 'ಎ' ಎಂಬ ಸಿ-ಸ್ಟಾರ್ ಆಲ್ಜೀಬ್ರಾದ (ಹಿಲ್ಬರ್ಟ್ ಸ್ಪೇಸ್ ಮೇಲಿನ ಆಪರೇಟರುಗಳಲ್ಲಿ, ಕೂಡಿದರೂ ಗುಣಿಸಿದರೂ ಅಡ್ಜಾಯಿಂಟ್ * ತೆಗೆದರೂ ನಾರ್ಮ್ ಮಿತಿಗೆ ಹೋದರೂ ಹೊರಬೀಳದ ಕೂಟದ) ಮೇಲಿನ ಚೌಕ ಮ್ಯಾಟ್ರಿಕ್ಸ್‌ಗಳಲ್ಲಿ ಪಿ = ಪಿ* = ಪಿ² ಆಗುವಂಥವು ಪ್ರೊಜೆಕ್ಷನ್‌ಗಳು. ವಿ*ವಿ = ಪಿ, ವಿವಿ* = ಕ್ಯೂ ಆಗುವ ವಿ ಸಿಕ್ಕರೆ ಪಿ, ಕ್ಯೂ ಒಂದೇ ಲೆಕ್ಕ. ಈ ವಿ ಕೂಡ 'ಎ' ಮೇಲಿನ ಮ್ಯಾಟ್ರಿಕ್ಸೇ ಆಗಿರಬೇಕು, ಹೊರಗಿನದು ನಡೆಯದು. ಕೂಡುವುದೆಂದರೆ ಎರಡನ್ನೂ ಕರ್ಣದಲ್ಲಿ ಒಂದರ ಕೆಳಗೊಂದು ಇಡುವುದು. ಕಳೆಯಲು ಅಡಿಕೆ ಮಂಡಿಯ ಖಾತೆಯ ಹಾಗೆ ಜಮಾ-ಖರ್ಚಿನ ಜೋಡಿ ಬರೆಯುತ್ತೇವೆ. ಹೀಗೆ ಸಿಗುವ ಗ್ರೂಪು ಕೆ₀. ಇಬ್ಬರ ಬಾಕಿ ಒಂದೇ ಆದ ಮಾತ್ರಕ್ಕೆ ತಂದು ಸುರಿದ ಮಾಲು ಒಂದೇ ಆಗದು: [ಪಿ] = [ಕ್ಯೂ] ಎಂದರೆ ಎರಡಕ್ಕೂ ಯಾವುದೋ ಒಂದೇ ಪ್ರೊಜೆಕ್ಷನ್ ಸೇರಿಸಿದಾಗ ಸಮವಾಗುತ್ತವೆ ಎಂದಷ್ಟೇ.

ಮೊದಲು ಕೈಗೆ ಬರಬೇಕಾದ ಲೆಕ್ಕ ಒಂದಿದೆ. ಪಿ ಮತ್ತು ಕ್ಯೂ ನಡುವಿನ ನಾರ್ಮ್ ಅಂತರ 1ಕ್ಕಿಂತ ಕಡಿಮೆಯಿದ್ದರೆ ಅವು ಸಮ. ಎಕ್ಸ್ = ಕ್ಯೂಪಿ + (1−ಕ್ಯೂ)(1−ಪಿ) ಎಂದು ಇಟ್ಟುಕೊಳ್ಳಿ. ಎಕ್ಸ್*ಎಕ್ಸ್ ಬಿಡಿಸಿದರೆ 1−(ಪಿ−ಕ್ಯೂ)² ಬರುತ್ತದೆ, ಎಕ್ಸ್ಎಕ್ಸ್* ಕೂಡ ಅದೇ. ಆದ್ದರಿಂದ ಎಕ್ಸ್‌ಗೆ ವಿಲೋಮವಿದೆ. ಎಕ್ಸ್ಪಿ = ಕ್ಯೂಎಕ್ಸ್ ಆಗಿರುವುದರಿಂದ ಅದರ ಪೋಲಾರ್ ಡಿಕಾಂಪೊಸಿಷನ್‌ನ ಯೂನಿಟರಿ (ಎಕ್ಸ್ = ಯು|ಎಕ್ಸ್|, ಯು*ಯು = ಯುಯು* = 1 ಆಗುವ ಯು) ಪಿಯನ್ನು ಕ್ಯೂಗೆ ಒಯ್ಯುತ್ತದೆ. ಇದನ್ನು ನೋಡದೆ ಬರೆಯುವಷ್ಟು ರೂಢಿಯಾದ ಮೇಲೆ ಹೋಮೊಟೋಪಿಯ (ಒಂದರಿಂದ ಇನ್ನೊಂದಕ್ಕೆ ಕಡಿಯದೆ ಸರಿಯುವ) ಮಾತುಗಳು ತಾವಾಗಿ ಸಲೀಸಾಗುತ್ತವೆ.

ಇನ್ನು ಟೋಪ್ಲಿಟ್ಸ್ ಆಲ್ಜೀಬ್ರಾ, ಅಂದರೆ ಶಿಫ್ಟ್ ಆಪರೇಟರ್ ಒಂದರಿಂದಲೇ ಹುಟ್ಟುವ ಸಿ-ಸ್ಟಾರ್ ಆಲ್ಜೀಬ್ರಾ. ಇಲ್ಲಿ ವಾರಗಟ್ಟಲೆ ನಿಂತರೂ ನಷ್ಟವಿಲ್ಲ. ಕೊನೆಯಿಲ್ಲದ ಒಂದು ಅಡಿಕೆ ಸಾಲು, ಪ್ರತಿ ಮರಕ್ಕೂ ಒಂದು ಚೀಟಿ ಕಟ್ಟಿದೆ ಎಂದುಕೊಳ್ಳಿ. ಶಿಫ್ಟ್ ಆಪರೇಟರ್ 'ಎಸ್' ಪ್ರತಿ ಚೀಟಿಯನ್ನೂ ಮುಂದಿನ ಮರಕ್ಕೆ ಕಟ್ಟುತ್ತದೆ, ಮೊದಲ ಮರ ಬೋಳಾಗುತ್ತದೆ. ಎಸ್* ಒಂದೊಂದು ಮರ ಹಿಂದಕ್ಕೆ ತರುತ್ತದೆ, ಮೊದಲ ಮರದ ಚೀಟಿಯಿದ್ದರೆ ಬಿದ್ದುಹೋಗುತ್ತದೆ. ಮುಂದೆ ಹೋಗಿ ಹಿಂದೆ ಬಂದರೆ ಏನೂ ಬದಲಾಗದು: ಎಸ್*ಎಸ್ = 1. ಹಿಂದೆ ಹೋಗಿ ಮುಂದೆ ಬಂದರೆ ಮೊದಲ ಮರ ಖಾಲಿ: 1−ಎಸ್ಎಸ್* = ಇ, ರ‍್ಯಾಂಕ್ 1ರ ಪ್ರೊಜೆಕ್ಷನ್.

ಈ 'ಇ'ಯ ಬೆಲೆ ಎಷ್ಟು? ಕಾಂಪ್ಯಾಕ್ಟ್ ಆಪರೇಟರುಗಳ (ಸೀಮಿತ ರ‍್ಯಾಂಕಿನವುಗಳ ನಾರ್ಮ್ ಮಿತಿಗಳ) ಐಡಿಯಲ್ ಒಳಗೆ ಕೆ₀ ಎಂದರೆ ಪೂರ್ಣಾಂಕಗಳ ಗ್ರೂಪು, [ಇ] ಅದರ ಜನಕ, ಅಂದರೆ 1. ಅದೇ ಇಯನ್ನು ಟೋಪ್ಲಿಟ್ಸ್ ಆಲ್ಜೀಬ್ರಾದಲ್ಲಿ ಅಳೆಯಿರಿ. ಅಲ್ಲಿ ಎಸ್ ಇರುವುದರಿಂದ [1] = [ಎಸ್*ಎಸ್] = [ಎಸ್ಎಸ್*] = [1]−[ಇ]. ಹಾಗಾಗಿ [ಇ] = 0. ಪ್ರೊಜೆಕ್ಷನ್ ಕಿಂಚಿತ್ತೂ ಬದಲಾಗಿಲ್ಲ. ಸಮತೆ ತೋರಿಸಲು ಎಸ್ ಎಂಬ ಹೊಸ ಸಾಧನ ಸಿಕ್ಕಿತು, ಅಷ್ಟೇ. ಬೌಂಡೆಡ್ ಆಪರೇಟರುಗಳೆಲ್ಲ ಸೇರಿದ ಆಲ್ಜೀಬ್ರಾಕ್ಕೆ ಹೋದರೆ ಇಂಥ ಸಾಧನಗಳು ಎಷ್ಟಿವೆ ಎಂದರೆ ಇಡೀ ಕೆ₀ ಸೊನ್ನೆ.

ಕಾಂಪ್ಯಾಕ್ಟ್ ಭಾಗವನ್ನು ಅಳಿಸಿದರೆ ಉಳಿಯುವುದು ವೃತ್ತದ ಮೇಲಿನ ಕಂಟಿನ್ಯುಯಸ್ ಫಂಕ್ಷನ್‌ಗಳು, ಎಸ್ ಅಲ್ಲಿ ಝಡ್ ಎಂಬ ಯೂನಿಟರಿಯಾಗುತ್ತದೆ. ಯೂನಿಟರಿಗಳನ್ನು ಎಣಿಸುವ ಕೆ₁ನಲ್ಲಿ ಇದು ಜನಕ. ಈ ಕೆ₁ನಿಂದ ಕಾಂಪ್ಯಾಕ್ಟ್ ಭಾಗದ ಕೆ₀ಗೆ ಹೋಗುವ ಇಂಡೆಕ್ಸ್ ಮ್ಯಾಪ್ ಅದನ್ನು [1−ಎಸ್*ಎಸ್]−[1−ಎಸ್ಎಸ್*]ಗೆ, ಅಂದರೆ −1ಕ್ಕೆ ಒಯ್ಯುತ್ತದೆ. ಫ್ರೆಡ್‌ಹೋಮ್ ಇಂಡೆಕ್ಸ್ (ಎಸ್ ಸೊನ್ನೆ ಮಾಡುವ ಸ್ಪೇಸಿನ ಆಯಾಮದಿಂದ ಎಸ್* ಸೊನ್ನೆ ಮಾಡುವ ಸ್ಪೇಸಿನ ಆಯಾಮ ಕಳೆದದ್ದು) ಕೂಡ −1. ಚಿಹ್ನೆಯ ರೂಢಿ ಪುಸ್ತಕದಿಂದ ಪುಸ್ತಕಕ್ಕೆ ತಿರುಗಬಹುದು, ಆದ್ದರಿಂದ ಹೊಸ ಪುಸ್ತಕ ತೆರೆದ ಕೂಡಲೇ ಎಸ್ ಹಾಕಿ ಪರೀಕ್ಷಿಸಿ. ಇಷ್ಟು ಗೊತ್ತಿದ್ದರೆ ಐಡಿಯಲ್, ಆಲ್ಜೀಬ್ರಾ, ಅಳಿಸಿ ಉಳಿದದ್ದು, ಈ ಮೂರರ ಕೆ₀, ಕೆ₁ಗಳನ್ನು ಸರಪಳಿಯಾಗಿ ಜೋಡಿಸುವ ಆರು ಪದಗಳ ಎಕ್ಸಾಕ್ಟ್ ಸೀಕ್ವೆನ್ಸ್‌ನಿಂದ ಟೋಪ್ಲಿಟ್ಸ್ ಆಲ್ಜೀಬ್ರಾದ ಕೆ₁ = 0 ಎಂದೂ, ಕೆ₀ [1]ರಿಂದ ಹುಟ್ಟುವ ಪೂರ್ಣಾಂಕಗಳ ಗ್ರೂಪು ಎಂದೂ ಅರ್ಧ ಪುಟದಲ್ಲಿ ಬರುತ್ತದೆ.

ಯೂನಿಟ್ ಇಲ್ಲದ ಆಲ್ಜೀಬ್ರಾಗಳಲ್ಲಿ ಇನ್ನೊಂದು ಗುಂಡಿ ಕಾದಿದೆ. ಸಮತಲದ ಮೇಲೆ, ಅನಂತದಲ್ಲಿ ಸೊನ್ನೆಗಿಳಿಯುವ ಕಂಟಿನ್ಯುಯಸ್ ಫಂಕ್ಷನ್‌ಗಳನ್ನು ತೆಗೆದುಕೊಳ್ಳಿ. ಅದರ ಮ್ಯಾಟ್ರಿಕ್ಸ್‌ಗಳಲ್ಲಿ ಸೊನ್ನೆ ಬಿಟ್ಟು ಬೇರೆ ಪ್ರೊಜೆಕ್ಷನ್ನೇ ಇಲ್ಲ, ಏಕೆಂದರೆ ರ‍್ಯಾಂಕ್ ಎಲ್ಲೆಡೆ ಒಂದೇ ಇರಬೇಕು, ದೂರದಲ್ಲಿ ಅದು ಸೊನ್ನೆ. ಆದರೂ ಕೆ₀ ಪೂರ್ಣಾಂಕಗಳ ಗ್ರೂಪು. ಯೂನಿಟ್ ಸೇರಿಸಿ, ಬಂದ ಕೆ₀ನಲ್ಲಿ ಸ್ಕೇಲಾರ್‌ಗಳಿಗೆ ಇಳಿಸಿದಾಗ ಸೊನ್ನೆಯಾಗುವುದನ್ನಷ್ಟೇ ಇಟ್ಟುಕೊಳ್ಳಬೇಕು. ಸಮತಲದ ಬಿಂದುವನ್ನು ಝಡ್ ಎಂಬ ಕಾಂಪ್ಲೆಕ್ಸ್ ಸಂಖ್ಯೆಯಾಗಿ ಎಣಿಸಿ, ಜನಕವನ್ನು ಕೈಯಾರೆ ಬರೆಯಿರಿ: ಮೊದಲ ಸಾಲು 1, ಝಡ್, ಎರಡನೇ ಸಾಲು ಝಡ್‌ನ ಕಾಂಜುಗೇಟ್, |ಝಡ್|², ಎಲ್ಲವನ್ನೂ 1+|ಝಡ್|²ರಿಂದ ಭಾಗಿಸಿ. ಕೆ₀ನಲ್ಲಿ ಇದರಿಂದ ಕರ್ಣದಲ್ಲಿ 0, 1 ಇರುವ ಮ್ಯಾಟ್ರಿಕ್ಸ್ ಕಳೆಯಿರಿ. ಕೆ-ಗ್ರೂಪುಗಳು ಎರಡೆರಡು ಹೆಜ್ಜೆಗೆ ಮರುಕಳಿಸುತ್ತವೆ ಎನ್ನುವ ಬಾಟ್ ಪೀರಿಯಾಡಿಸಿಟಿಯ ಬೀಜ ಇದೇ.

ಜೂನ್‌ನಲ್ಲಿ ಮಳೆ ಹಿಡಿದರೆ ಆಗುಂಬೆ, ಹೊಸನಗರದ ಕಡೆ ಕರೆಂಟು ನಂಬುವ ಹಾಗಿಲ್ಲ, ಈ ಓದಿಗೆ ಅದು ಬೇಕಾಗಿಯೂ ಇಲ್ಲ. ಕಾಗದ, ಪೆನ್ಸಿಲು, ಎದುರಿಗೆ ಕೂತು "ಆ ವಿ ಎಲ್ಲಿಯದು?" ಎಂದು ಕೇಳುವ ಒಬ್ಬರು ಇದ್ದರೆ ಸಾಕು. ಸೆಪ್ಟೆಂಬರ್ ಹೊತ್ತಿಗೆ ಕುಂಟ್ಸ್ ಆಲ್ಜೀಬ್ರಾಗಳಿಗೆ ಬನ್ನಿ. ಅವನ್ನು ಹುಟ್ಟಿಸುವ ಎನ್ ಐಸೋಮೆಟ್ರಿಗಳ (ಎಸ್ ಹಾಗೆ ವಿ*ವಿ = 1 ಆಗುವ ವಿಗಳ) ವಿವಿ* ಎಂಬ ರೇಂಜ್ ಪ್ರೊಜೆಕ್ಷನ್‌ಗಳು ಕೂಡಿ 1 ಆಗುವುದರಿಂದ [1] = ಎನ್[1], ಹಾಗಾಗಿ (ಎನ್−1)[1] = 0. ಇದು ಒಂದೇ ಸಾಲಿನ ಮಾತು. [1]ರ ಆರ್ಡರ್ ಅದಕ್ಕಿಂತ ಚಿಕ್ಕದಾಗದು, ಕೆ₀ನಲ್ಲಿ ಅದರಾಚೆ ಬೇರೇನೂ ಇಲ್ಲ ಎಂದು ತೋರಿಸುವುದು ಕಷ್ಟದ ಭಾಗ. ಗಣಿತಜ್ಞ ಕುಂಟ್ಸ್ 1981ರಲ್ಲಿ ಪ್ರಕಟಿಸಿದ ಆ ಸಾಧನೆಯಲ್ಲೂ ಐಸೋಮೆಟ್ರಿಗಳೇ ಕೆಲಸ ಮಾಡುತ್ತವೆ. ಎಸ್ ಜೊತೆ ಪಳಗಿದ ಕೈಗೆ ಅವು ಹೊಸಬರೆನಿಸುವುದಿಲ್ಲ.